ಕಂದು ಹಾಕಿದ ಕುರಿಗಳ ಸೀರಮ್: ಫೇಜ್ ಡಿಸ್‌ಪ್ಲೇಯಲ್ಲಿ ಸಿಕ್ಕಿದ್ದು ಎಪಿಟೋಪ್ ಹೌದಾ?

ಪ್ರಶ್ನೆ (ಕುಷ್ಟಗಿ ಹುಡುಗಿ):
ನಮಸ್ಕಾರ. ಬಳ್ಳಾರಿಯಲ್ಲಿ ಎಂಎಸ್ಸಿ ಬಯೋಟೆಕ್ ಕೊನೆಯ ವರ್ಷ ಓದುತ್ತಿದ್ದೇನೆ. ಮನೆ ಕುಷ್ಟಗಿ ಕಡೆ, ಕುರಿ ಸಾಕುವವರು. ಹೋದ ವರ್ಷ ನಮ್ಮ ಹಿಂಡಿನಲ್ಲಿ ಒಂದರ ಹಿಂದೆ ಒಂದು ಕುರಿ ಕಂದು ಹಾಕಿದವು, ಪರೀಕ್ಷೆ ಮಾಡಿಸಿದರೆ ಬ್ರುಸೆಲ್ಲಾ (ಕಂದು ಹಾಕಿಸುವ ಬ್ಯಾಕ್ಟೀರಿಯಾ). ಅದಕ್ಕೇ ಪ್ರಾಜೆಕ್ಟ್‌ಗೂ ಅದನ್ನೇ ಹಿಡಿದೆ. ರೋಸ್ ಬೆಂಗಾಲ್ (ಬ್ರುಸೆಲ್ಲಾದ ರಕ್ತ ಪರೀಕ್ಷೆ) ಪಾಸಿಟಿವ್ ಬಂದ ಕುರಿಗಳ ಸೀರಮ್ಮಿನಿಂದ ಐಜಿಜಿ ಆಂಟಿಬಾಡಿ ತೆಗೆದು ಪ್ಲೇಟಿಗೆ ಅಂಟಿಸಿದೆ. ಫೇಜ್ ಡಿಸ್‌ಪ್ಲೇ ಅಂದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಯುವ ವೈರಸ್ಸಿನ (ಫೇಜ್) ಮೈಮೇಲೆ ಬೇರೆ ಬೇರೆ ಪೆಪ್ಟೈಡ್ (ಚಿಕ್ಕ ಪ್ರೋಟೀನ್ ತುಣುಕು) ಹೊರಿಸುವ ವಿಧಾನ. ಅಂಥ ಎಂ13 ಫೇಜ್‌ಗಳ 7 ಅಮೈನೋ ಆಮ್ಲದ ಲೈಬ್ರರಿಯಿಂದ 3 ಸುತ್ತು ಪ್ಯಾನಿಂಗ್ (ಅಂಟಿದ ಫೇಜ್ ಮಾತ್ರ ಉಳಿಸಿ ಮತ್ತೆ ಬೆಳೆಸುವುದು) ಮಾಡಿದೆ. 20 ಪ್ಲಾಕ್ (ಒಂದೊಂದೂ ಒಂದೇ ಫೇಜ್‌ನ ಸಂತಾನ) ಸೀಕ್ವೆನ್ಸ್ ಮಾಡಿಸಿದರೆ 13ರಲ್ಲಿ ಒಂದೇ ಪೆಪ್ಟೈಡ್: ಎಚ್-ಎ-ಐ-ವೈ-ಪಿ-ಆರ್-ಎಚ್. ಬ್ಲಾಸ್ಟ್‌ನಲ್ಲಿ (ಸೀಕ್ವೆನ್ಸ್ ಹೋಲಿಸಿ ಹುಡುಕುವ ಸಾಧನ) ಬ್ರುಸೆಲ್ಲಾದ ಯಾವ ಪ್ರೋಟೀನಿಗೂ ಹೊಂದುತ್ತಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಎಪಿಟೋಪ್ (ರೋಗಾಣುವಿನಲ್ಲಿ ಆಂಟಿಬಾಡಿ ಅಂಟುವ ಜಾಗ) ಸಿಕ್ಕಿತು, ಬರೆದುಬಿಡು ಅನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇದರಿಂದ ಟೆಸ್ಟ್ ಕಿಟ್ ಆಗುತ್ತಾ, ಲಸಿಕೆ ಆಗುತ್ತಾ?

ಉತ್ತರ 1 (ರಾಯಚೂರಿನವ, ಈಗ ಬೆಂಗಳೂರಿನ ಲ್ಯಾಬಿನಲ್ಲಿ):
ದಯವಿಟ್ಟು ಬರೆಯಬೇಡಿ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಈ ಪೆಪ್ಟೈಡ್ ಬ್ರುಸೆಲ್ಲಾಗೆ ಸಂಬಂಧವೇ ಇಲ್ಲದ ಎಷ್ಟೋ ಪ್ಯಾನಿಂಗ್‌ಗಳಲ್ಲೂ ಮೇಲೆ ಬಂದಿದೆ. ಕಾರಣ ಪೆಪ್ಟೈಡ್ ಅಲ್ಲ, ಅದನ್ನು ಹೊತ್ತ ಫೇಜ್. ಅದರ ಜೀನ್ 2ರ ಮುಂದಿರುವ ರೈಬೋಸೋಮ್ ಕೂರುವ ಜಾಗದಲ್ಲಿ ಒಂದು ಅಕ್ಷರ ಬದಲಾಗಿದೆ, ಹಾಗಾಗಿ ಫೇಜ್ ಬೆಳೆಸುವ ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ಅದು ಉಳಿದವಕ್ಕಿಂತ ಬೇಗ ಬೆಳೆಯುತ್ತದೆ. ಪ್ರತಿ ಸುತ್ತಿಗೂ ನೀವು ಫೇಜ್ ಬೆಳೆಸುತ್ತೀರಲ್ವಾ, ಅಲ್ಲೇ ಅದು ಮುಂದೆ ಓಡಿಬಿಡುತ್ತದೆ, ಆಂಟಿಬಾಡಿಗೆ ಅಂಟಲಿ ಬಿಡಲಿ. ಸಾರೋಟಪ್ ಅಂತ ಒಂದು ಆನ್‌ಲೈನ್ ಸಾಧನ ಇದೆ, ಇಂಥ ಸುಳ್ಳು ಪೆಪ್ಟೈಡ್ ಹಿಡಿಯುವುದಕ್ಕೇ ಮಾಡಿದ್ದು. ಉಳಿದ 7 ಸೀಕ್ವೆನ್ಸ್ ಅದರಲ್ಲಿ ಹಾಕಿ ನೋಡಿ, ನಿಜವಾದದ್ದು ಇದ್ದರೆ ಆ ಏಳರಲ್ಲೇ ಇರಬಹುದು.

ಇನ್ನೊಂದು, ಬ್ಲಾಸ್ಟ್‌ನಲ್ಲಿ ಹೊಂದದಿದ್ದರೆ ಅದನ್ನೇ ದೋಷ ಅಂತ ತಿಳಿಯಬೇಡಿ. ಬ್ರುಸೆಲ್ಲಾ ವಿರುದ್ಧ ಹುಟ್ಟುವ ಆಂಟಿಬಾಡಿಗಳಲ್ಲಿ ಹೆಚ್ಚಿನವು ಅದರ ಹೊರಗಿನ ಎಲ್‌ಪಿಎಸ್‌ನ (ಕೊಬ್ಬು, ಸಕ್ಕರೆ ಸೇರಿದ ಅಣು) ಸಕ್ಕರೆ ಸರಪಳಿಗೆ ಅಂಟುತ್ತವೆ. ಸಕ್ಕರೆಯನ್ನು ಅನುಕರಿಸುವ ಪೆಪ್ಟೈಡಿಗೆ ಮಿಮೋಟೋಪ್ ಅನ್ನುತ್ತಾರೆ. ಅದರ ಸಾಲು ಜೀನೋಮಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮತ್ತೆ ಮಾಡುವಾಗ ಸೀರಮ್ಮನ್ನು ಮೊದಲು ಇ. ಕೋಲೈ ಲೈಸೇಟ್ (ಒಡೆದ ಕೋಶಗಳ ದ್ರಾವಣ) ಮತ್ತು ಪೆಪ್ಟೈಡ್ ಇಲ್ಲದ ಖಾಲಿ ಎಂ13 ಜೊತೆ ಇಟ್ಟು ಸೋಸಿಕೊಳ್ಳಿ. ಕುರಿಯ ರಕ್ತದಲ್ಲಿ ಇವೆರಡರ ಆಂಟಿಬಾಡಿಯೂ ಇರಬಹುದು. ಆಮೇಲೆ ಲೈಬ್ರರಿಯನ್ನು ಆರೋಗ್ಯವಂತ ಕುರಿಗಳ ಐಜಿಜಿ ಮೇಲೆ ಬಿಟ್ಟು, ಅದಕ್ಕೆ ಅಂಟದೆ ಉಳಿದದ್ದನ್ನು ಮಾತ್ರ ಮುಂದಕ್ಕೆ ಒಯ್ಯಿರಿ. ಐಜಿಜಿ ಹಿಡಿಯಲು ಪ್ರೋಟೀನ್ ಜಿ ಬಳಸಿ, ಕುರಿಯ ಐಜಿಜಿ ಪ್ರೋಟೀನ್ ಎಗೆ ಗಟ್ಟಿಯಾಗಿ ಕೂರುವುದಿಲ್ಲ.

ಉತ್ತರ 2 (ಸಿಂಧನೂರು ಕಡೆಯ ಪಶುವೈದ್ಯ):
ಲಸಿಕೆಯ ಆಸೆ ಸದ್ಯಕ್ಕೆ ಬಿಡಿ ತಂಗಿ. ಬ್ರುಸೆಲ್ಲಾ ಜೀವಕೋಶದ ಒಳಗೆ ಸೇರಿ ಕೂರುವ ಕೀಟಾಣು, ಅದನ್ನು ತಡೆಯಲು ಟಿ ಕೋಶಗಳ ಬಲ ಬೇಕು, ಆಂಟಿಬಾಡಿ ಒಂದರಿಂದ ಆಗುವುದಿಲ್ಲ. ಅಲ್ಲದೆ ಆಂಟಿಬಾಡಿಗೆ ಅಂಟುವ ಪೆಪ್ಟೈಡ್ ಚುಚ್ಚಿದರೆ ಅದೇ ಆಂಟಿಬಾಡಿ ಹುಟ್ಟುತ್ತದೆ ಅಂತಲೂ ಇಲ್ಲ. ನಮಗೆ ನಿಜವಾಗಿ ಬೇಕಾಗಿರುವುದು ಒಳ್ಳೆಯ ಟೆಸ್ಟ್. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಎಸ್19 ಎಂಬ ಬ್ರುಸೆಲ್ಲಾ ಲಸಿಕೆ ಹಾಕುತ್ತೇವೆ. ಆಮೇಲೆ ರೋಸ್ ಬೆಂಗಾಲ್ ಪಾಸಿಟಿವ್ ಬಂದರೆ ಲಸಿಕೆಯದೋ ರೋಗದ್ದೋ ಹೇಳುವುದು ಕಷ್ಟ. ಯೆರ್ಸಿನಿಯಾ ಒ:9 ಎಂಬ ಬೇರೆ ಬ್ಯಾಕ್ಟೀರಿಯಾದ ಸಕ್ಕರೆಯೂ ಹೆಚ್ಚುಕಡಿಮೆ ಇದೇ ಥರ, ಅದೂ ಪಾಸಿಟಿವ್ ತೋರಿಸುತ್ತದೆ. ಹಾಗಾಗಿ ಸಕ್ಕರೆಯ ಮಿಮೋಟೋಪ್ ಸಿಕ್ಕರೂ ಈ ಗೋಜಲು ಉಳಿಯುತ್ತದೆ. ಎಸ್19 ಹಾಕಿದ ಕರುಗಳ ಸೀರಮ್ಮನ್ನೂ ಬೇಡದ ಫೇಜ್ ಕಳೆಯುವ ಸುತ್ತಿನಲ್ಲಿ ಸೇರಿಸಿ ನೋಡಿ.

ಮನೆಯವರಿಗೆ ಹೇಳಿ: ಕಂದನ್ನು, ಸತ್ತೆಯನ್ನು (ಮಾಸು) ಬರಿಗೈಲಿ ಮುಟ್ಟಬಾರದು, ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಹಾಲು ಕಾಯಿಸದೆ ಕುಡಿಯಬಾರದು. ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಇದೆಯಾ?

ಕುಷ್ಟಗಿ ಹುಡುಗಿ:
ಅಪ್ಪನಿಗೆ ಎರಡು ತಿಂಗಳಿಂದ ಸಂಜೆ ಜ್ವರ ಬರುತ್ತಿದೆ ಸರ್, ಸೊಂಟ ನೋವೂ ಇದೆ. ಟೈಫಾಯ್ಡ್ ಅಂತ ಮಾತ್ರೆ ಕೊಟ್ಟಿದ್ದರು. ನಾಳೆ ಬೆಳಿಗ್ಗೆ ಊರಿಗೆ ಹೊರಟೆ. ಆ 7 ಸೀಕ್ವೆನ್ಸ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.

ಉತ್ತರ 2:
ಕುರಿ ಸಾಕುವವರು, ಕುರಿ ಕಂದು ಹಾಕಿವೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಬ್ರುಸೆಲ್ಲಾ ಟೆಸ್ಟ್ ಕೇಳಿ ಮಾಡಿಸಿ. ಬಂದರೆ ಮಾತ್ರೆ ವಾರಗಟ್ಟಲೆ ನುಂಗಬೇಕು, ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಲು ಬಿಡಬೇಡಿ.