ಆಕ್ಸಿಜನ್ ಹಾಕಿಕೊಂಡು ಕಾರು ಓಡಿಸುವವರು ಇದ್ದೀರಾ? ಅನುಭವ ಹೇಳಿ

ಬ್ರಹ್ಮಾವರದ ಮಗಳು: ಅಪ್ಪನಿಗೆ 68. ಶ್ವಾಸಕೋಶದ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಹೊರಗೆ ಹೋಗುವಾಗ ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬೇಕು ಅಂದಿದ್ದಾರೆ. ಮಣಿಪಾಲಕ್ಕೆ ಚೆಕಪ್‌ಗೆ ತಾನೇ ಆಲ್ಟೋ ಓಡಿಸಿಕೊಂಡು ಹೋಗುತ್ತೇನೆ ಅಂತ ಅಪ್ಪನ ಹಠ. ಡಾಕ್ಟರು "ನೋಡುವ" ಅಂತ ಹೇಳಿ ಬಿಟ್ಟರು. ಹೀಗೆ ಓಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ.

ಕಾಪು ಲೈಟ್‌ಹೌಸ್: ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಸಿಒಪಿಡಿ, ಉಸಿರಾಟದ ಹಳೆ ಕಾಯಿಲೆ. ಗಾಡಿಗೆ ಒಂದು ಗೀರೂ ಬಿದ್ದಿಲ್ಲ. ನನ್ನದು 1.7 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. ಫುಲ್ ಇದ್ದರೆ ಒತ್ತಡ 150 ಬಾರ್. ಗುಣಿಸಿ ನೋಡಿ, 255 ಲೀಟರ್ ಗಾಳಿ. 2 ಲೀಟರಿನಲ್ಲಿ ಬಿಟ್ಟರೆ ಎರಡು ಗಂಟೆ ಚಿಲ್ಲರೆ. ಕಾಪುವಿನಿಂದ ಮಂಗಳೂರಿಗೆ ಹೋಗಲು ಸಾಕು, ಬರಲು ಇನ್ನೊಂದು ಬೇಕು. ಎರಡಕ್ಕೆ ಸೇರಿ 13,500 ಕೊಟ್ಟೆ. ರೆಗ್ಯುಲೇಟರ್ ಬೇರೆ 2,200. ಆ ರೆಗ್ಯುಲೇಟರಿನ ವಾಷರ್ ಮೂರೇ ವಾರದಲ್ಲಿ ಸೋರಲು ಶುರುವಾಯಿತು. ಅಂಗಡಿಯವ "ನೀವು ಜಾಸ್ತಿ ಬಿಗಿ ಮಾಡಿದ್ದೀರಿ" ಅಂದ. ಹತ್ತು ರೂಪಾಯಿಯ ವಾಷರಿಗೆ ನಾಲ್ಕು ಸಲ ಓಡಾಡಿದ್ದೇನೆ ಮಾರಾಯ್ರೆ! ಸಿಲಿಂಡರನ್ನು ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ ಕಟ್ಟುತ್ತೇನೆ. ಎಸಿಯಲ್ಲಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತುವುದಿಲ್ಲ, ಕಿಟಕಿ ಎರಡು ಬೆರಳು ಇಳಿಸಿರುತ್ತೇನೆ. ಅಷ್ಟೇ. ಹೆದರುವವರು ಮನೆಯಲ್ಲಿ ಕೂರಲಿ.

ಉರ್ವಸ್ಟೋರ್ ರಿಟೈರ್ಡ್: ಬ್ರೇಕ್ ಹಾಕಿದಾಗ ಆ ಸಿಲಿಂಡರ್ ಹಾರಿ ಬಂದರೆ ಗೀರು ಕಾರಿಗಲ್ಲ, ತಲೆಗೆ ಬೀಳುತ್ತದೆ ಸಾರ್. ನಾನು ಪೋರ್ಟಬಲ್ ಕಾನ್ಸಂಟ್ರೇಟರ್, ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಮೆಷಿನ್, ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್, 1,10,000. ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ ಅಂದಿದ್ದ, ಒಂದೂವರೆಗೆ ಮಲಗಿತು. ಹೊಸ ಬ್ಯಾಟರಿಗೆ 28,000. ಕಾರಿನ 12 ವೋಲ್ಟ್ ಸಾಕೆಟ್‌ಗೆ ಚುಚ್ಚಿದರೆ ಫ್ಯೂಸ್ ಹೋಯಿತು, ಎಲೆಕ್ಟ್ರಿಷಿಯನ್‌ಗೆ 600. ಈಗಲೂ ಇಂಜಿನ್ ಸ್ಟಾರ್ಟ್ ಮಾಡುವಾಗ ಒಂದು ಕ್ಷಣ ಕರೆಂಟ್ ತಪ್ಪಿ ಮೆಷಿನ್ ಕಿರುಚುತ್ತದೆ. ಮೊದಲು ಇಂಜಿನ್, ಆಮೇಲೆ ವಯರ್ ಅಂತ ಕಲಿತೆ. ಆದರೂ ಮೆಷಿನ್ನೇ ಒಳ್ಳೆಯದು.

ಕಾಪು ಲೈಟ್‌ಹೌಸ್: ಒಂದೂಕಾಲು ಲಕ್ಷ ದಾಟಿ ಸುರಿದು ಇನ್ನೂ ಕಿರುಚುತ್ತದೆ, ಆದರೂ ಒಳ್ಳೆಯದು! ಅದರಲ್ಲಿ 2 ನಂಬರ್ ಅಂದರೆ 2 ಲೀಟರ್ ಅಲ್ಲ ಅಂತ ಗೊತ್ತುಂಟಾ? ಮೂಗಲ್ಲಿ ಎಳೆದಾಗ ಮಾತ್ರ ಪುಸ್ ಅಂತ ಬಿಡುವುದು. ಬಾಯಿಯಲ್ಲಿ ಉಸಿರಾಡಿದರೆ ಅದಕ್ಕೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಬಸ್ಸಿನವರಿಗೆ ಬೈಯುವಾಗ ಯಾರು ಮೂಗಲ್ಲಿ ಉಸಿರಾಡುತ್ತಾರೆ?

ಹೆಬ್ರಿ ಅಕ್ಕ: ನಿಮ್ಮ ಜಗಳ ಆಮೇಲೆ. ನಮ್ಮ ಯಜಮಾನರದ್ದೂ ಇದೇ ಹಠ. ತೀರ್ಥಹಳ್ಳಿಯಲ್ಲಿ ಮದುವೆ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದೆವು, ಸ್ಟೇರಿಂಗ್ ಅವರ ಕೈಯಲ್ಲಿ. 14 ತಿರುವು. ಮೂಗು ಒಣಗುತ್ತದೆ ಅಂತ ಆಕ್ಸಿಜನ್ ಟ್ಯೂಬಿಗೆ ನೀರಿನ ಬಾಟಲಿಯನ್ನೂ ಜೋಡಿಸಿದ್ದರು. ಎರಡನೇ ತಿರುವಿನಲ್ಲಿ ಅದು ವಾಲಿ ನೀರು ಟ್ಯೂಬಿನಲ್ಲಿ ಮೂಗಿಗೇ ಬಂತು. ಅದನ್ನು ಕಿತ್ತೆ. ಆರನೆಯದರಲ್ಲಿ ಸೆಕೆಂಡ್ ಗೇರಿಗೆ ಹಾಕಲು ಕೈ ತಡಕಾಡಿತು. "ಎಂತ ಆಯ್ತು?" ಅಂದರೆ "ಎಂತ ಇಲ್ಲ" ಅಂತ ನಗುತ್ತಾರೆ. ಸುಮ್ನೆ ನಗು. ಗಾಡಿ ನಿಲ್ಲಿಸಿ ಬೆರಳಿಗೆ ಮೀಟರ್ ಹಾಕಿದರೆ ರಕ್ತದ ಆಕ್ಸಿಜನ್ 82ಕ್ಕೆ ಇಳಿದಿತ್ತು! ಟ್ಯೂಬ್ ಸೀಟಿನ ಹಳಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಸೀಟು ಮುಂದೆ ಎಳೆದವರು ಅವರೇ. ತನಗೆ ಗಾಳಿ ಕಮ್ಮಿಯಾದದ್ದು ಅವರಿಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ಅವತ್ತೇ ಕೀಲಿ ತೆಗೆದುಕೊಂಡೆ. ಈಗ ಎಡದ ಸೀಟಿನಲ್ಲಿ ಕೂತು ನಾನು ಓಡಿಸುವಾಗ ಕಾಲಲ್ಲಿ ಬ್ರೇಕ್ ಒತ್ತುತ್ತಾರೆ.

ಪಡುಬಿದ್ರಿ ಬೀಚ್: ಮೂಗು ಒಣಗಿದರೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಅಕ್ಕ, ಬಾಟಲಿ ಯಾಕೆ?

ಉರ್ವಸ್ಟೋರ್ ರಿಟೈರ್ಡ್: ಎಣ್ಣೆ ಮತ್ತು ಆಕ್ಸಿಜನ್! ಯಾರು ನಿಮಗೆ ಹೇಳಿಕೊಟ್ಟದ್ದು? ಎಣ್ಣೆ ಕೈಯಲ್ಲಿ ವಾಲ್ವ್ ಮುಟ್ಟಲೂಬಾರದು, ಬೆಂಕಿ ಹತ್ತಬಹುದು. ವ್ಯಾಸಲೀನ್ ಕೂಡ ಬೇಡ. ನೀರಿನಿಂದ ಮಾಡಿದ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಡ್ಯಾಶ್‌ಬೋರ್ಡಿನ ದೇವರಿಗೆ ಊದುಬತ್ತಿಯೂ ಬೇಡ.

ಪಡುಬಿದ್ರಿ ಬೀಚ್: ಈಗ ದೇವರಿಗೂ ಬಂತಾ? ಬೆಳಿಗ್ಗೆ ಊದುಬತ್ತಿ ಹಚ್ಚದೆ ಗಾಡಿ ತೆಗೆಯುವವರು ನಾವಲ್ಲ.

ಉರ್ವಸ್ಟೋರ್ ರಿಟೈರ್ಡ್: ಹಾಗಾದರೆ ಮನೆಯ ದೇವರ ಕೋಣೆಯಲ್ಲಿ ಹಚ್ಚಿ. ನನ್ನ ಬದಲಿ ಡ್ರೈವರ್ ಬೀಡಿ ಹಚ್ಚಿದ್ದಕ್ಕೆ ಮೂಲ್ಕಿಯಲ್ಲೇ ಇಳಿಸಿದ್ದೆ.

ಕಾಪು ಲೈಟ್‌ಹೌಸ್: ಬ್ರಹ್ಮಾವರದವರೇ, ಲೈಸೆನ್ಸ್ ರಿನೀವಲ್ ಇದ್ದರೆ ಆರೋಗ್ಯದ ಸರ್ಟಿಫಿಕೇಟ್ ಫಾರ್ಮ್ 1ಎಗೆ ಡಾಕ್ಟರ ಸಹಿ ಬೇಕು. ನಾನು ಆಗ ಟ್ಯೂಬ್ ಬಿಚ್ಚಿ ಕಿಸೆಯಲ್ಲಿಟ್ಟು ಒಳಗೆ ಹೋದೆ. ಐದು ನಿಮಿಷದ ಕೆಲಸ.

ಹೆಬ್ರಿ ಅಕ್ಕ: ಇದನ್ನು ಹೆಮ್ಮೆಯಿಂದ ಬೇರೆ ಹೇಳುತ್ತೀರಾ! ಎದುರಿನಿಂದ ಸ್ಕೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರುವವರು ಮನುಷ್ಯರಲ್ವಾ?

ಕಾಪು ಲೈಟ್‌ಹೌಸ್: ನನ್ನದು ಯಾವಾಗಲೂ 90ರ ಮೇಲೆ. ನಿಮ್ಮ ಯಜಮಾನರ ಟ್ಯೂಬ್ ಸಿಕ್ಕಿಹಾಕಿಕೊಂಡರೆ ನಾನೇನು ಮಾಡಲಿ? ನಾನು ಅದನ್ನು ಬೆಲ್ಟಿನ ಮೇಲೆ ಕ್ಲಿಪ್ ಹಾಕಿ ಎಡಗಡೆಗೆ ಬಿಡುತ್ತೇನೆ.

ಪಡುಬಿದ್ರಿ ಬೀಚ್: ಓಡಿಸುವಾಗ ಮೀಟರ್ ಯಾರು ನೋಡುತ್ತಾರೆ? ಒಂದು ಕೈ ಗೇರಿನಲ್ಲಿ, ಒಂದು ಸ್ಟೇರಿಂಗಿನಲ್ಲಿ.

ಕಾಪು ಲೈಟ್‌ಹೌಸ್: ಸಿಗ್ನಲ್‌ನಲ್ಲಿ ನೋಡುತ್ತೇನೆ.

ಪಡುಬಿದ್ರಿ ಬೀಚ್: ಕಾಪುವಿನಲ್ಲಿ ಯಾವ ಸಿಗ್ನಲ್ ಸಾರ್?

ಬ್ರಹ್ಮಾವರದ ಮಗಳು: ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಾಪುವಿನವರದ್ದನ್ನು ಮಾತ್ರ ಇನ್ನೊಮ್ಮೆ ಓದಲು ಹೇಳಿದರು. ಈಗ ಆ 1.7 ಲೀಟರಿನ ಸಿಲಿಂಡರ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಿದ್ದಾರೆ. ಕೀಲಿಯನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ.

ಹೆಬ್ರಿ ಅಕ್ಕ: ಅಕ್ಕಿ ಡಬ್ಬ ಬೇಡ ಮಗಾ. ನಮ್ಮವರು ಮೊದಲು ಹುಡುಕಿದ್ದೇ ಅಲ್ಲಿ.