ನಗರದ ರಸ್ತೆಯಲ್ಲಿ ಮೊದಲ ಸೈಕಲ್ ರೇಸ್: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ

ನಾನು ಬೆಂಗಳೂರಿನ ಬಸವನಗುಡಿಯವಳು, ವಯಸ್ಸು 36. ಕಚೇರಿಗೆ ಹೋಗಿ ಬರಲು ಹೈಬ್ರಿಡ್ ಸೈಕಲ್ ಬಳಸುತ್ತಿದ್ದೆ. ಕಳೆದ ವರ್ಷ ರೋಡ್ ಬೈಕ್ (ತೆಳು ಟೈರಿನ ವೇಗದ ಸೈಕಲ್) ಕೊಂಡ ಮೇಲೆ ವಾರದ ಕೊನೆಯಲ್ಲಿ ನಂದಿ ಬೆಟ್ಟದ ಕಡೆಗೋ ಹೆಸರಘಟ್ಟದ ಕಡೆಗೋ 60ರಿಂದ 80 ಕಿ.ಮೀ. ತುಳಿಯುತ್ತೇನೆ. ಮುಂದಿನ ತಿಂಗಳು ನಗರದೊಳಗೆ ನಡೆಯುವ ಕ್ರೈಟೀರಿಯಂ (ಮುಚ್ಚಿದ ರಸ್ತೆಯಲ್ಲಿ ಸಣ್ಣ ಸುತ್ತೊಂದನ್ನೇ ಮತ್ತೆ ಮತ್ತೆ ಸುತ್ತುವ) ರೇಸಿನಲ್ಲಿ ಹೊಸಬರ ಮಹಿಳಾ ವಿಭಾಗಕ್ಕೆ ಹೆಸರು ಕೊಟ್ಟಿದ್ದೇನೆ. ಒಂದು ಸುತ್ತು ಸುಮಾರು ಒಂದೂವರೆ ಕಿಲೋಮೀಟರ್, ಅದರಲ್ಲಿ ನಾಲ್ಕು ತಿರುವುಗಳು. ಅವಧಿ 30 ನಿಮಿಷ, ಅದರ ಮೇಲೆ ಎರಡು ಸುತ್ತು. ಗುಂಪಿನಲ್ಲಿ ವೇಗವಾಗಿ ಹೋಗಿ ಅಭ್ಯಾಸವಿಲ್ಲ. ಬೀಳುತ್ತೇನೆಂಬ ಹೆದರಿಕೆಯೂ ಇದೆ, ಹಿಂದೆ ಉಳಿದುಬಿಡುತ್ತೇನೆಂಬ ಹೆದರಿಕೆಯೂ ಇದೆ. ಉಳಿದಿರುವ ದಿನಗಳಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಬೆಂಗಳೂರಿನ ಸವಾರರೊಬ್ಬರ ಉತ್ತರ

ನಂದಿ ಬೆಟ್ಟ ಹತ್ತಿ ಇಳಿಯುವವರಿಗೆ ಅರ್ಧ ಗಂಟೆಯ ರೇಸಿಗೆ ಬೇಕಾದ ದಮ್ಮು ಬಹುಮಟ್ಟಿಗೆ ಇದ್ದೇ ಇರುತ್ತದೆ. ನಗರದ ಸುತ್ತುಗಳಲ್ಲಿ ಹೊಸಬರು ಗುಂಪಿನಿಂದ ಕಳಚಿಕೊಳ್ಳುವುದು ಹೆಚ್ಚಾಗಿ ತಿರುವುಗಳಲ್ಲಿ. ನೀವು ಕೊಟ್ಟ ವಿವರವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ: ಗುಂಪು ಗಂಟೆಗೆ 33 ಕಿ.ಮೀ. ಸರಾಸರಿಯಲ್ಲಿ ಸಾಗಿದರೆ 30 ನಿಮಿಷಕ್ಕೆ ಸುಮಾರು 11 ಸುತ್ತು, ಕೊನೆಯ ಎರಡು ಸೇರಿ 13, ಅಂದರೆ 52 ತಿರುವುಗಳು. ಮುಂದಿರುವವರು ತಿರುವಿನಲ್ಲಿ ವೇಗವನ್ನು ಸ್ವಲ್ಪವೇ ತಗ್ಗಿಸುತ್ತಾರೆ. ಅವರ ಹಿಂದಿನವರು ಇನ್ನಷ್ಟು ತಗ್ಗಿಸಬೇಕಾಗುತ್ತದೆ. ಮುಂದಿನವರು ತಿರುವು ದಾಟಿ ಮತ್ತೆ ಪೂರ್ಣ ವೇಗಕ್ಕೆ ಬಂದಾಗ ಸಾಲಿನ ಕೊನೆಯವರು ಇನ್ನೂ ತಿರುವಿನೊಳಗೇ ಇರುತ್ತಾರೆ. ಹೀಗಾಗಿ ಬಾಲದಲ್ಲಿರುವವರು ಪ್ರತಿ ತಿರುವಿನ ನಂತರವೂ ಎದ್ದು ನಿಂತು ಜೋರಾಗಿ ತುಳಿದು ಅಂತರ ತುಂಬಬೇಕು. ಅವರು ಮುಂದಿನವರಿಗಿಂತ ಹೆಚ್ಚು ದುಡಿದು, ಮುಂದಿನವರಿಗಿಂತ ಮೊದಲೇ ಸೋಲುತ್ತಾರೆ. ಆದ್ದರಿಂದ ಗುಂಪಿನ ಮೊದಲ ಮೂರನೆಯ ಒಂದು ಭಾಗದೊಳಗೆ ಇರಲು ಪ್ರಯತ್ನಿಸಿ, ಆರಂಭದಲ್ಲೇ ಆ ಜಾಗ ಹಿಡಿಯಿರಿ.

ತಿರುವಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಎರಡೂ ಹೆದರಿಕೆಗಳಿಗೆ ಅದು ಸಂಬಂಧಿಸಿದೆ. ತಿರುವಿನಲ್ಲಿ ಟೈರು ತಡೆದುಕೊಳ್ಳಬೇಕಾದ ಅಡ್ಡಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 30 ಕಿ.ಮೀ. ಬದಲು 36ರಲ್ಲಿ ಅದೇ ತಿರುವು ತೆಗೆದುಕೊಂಡರೆ ಬೇಕಾಗುವ ಹಿಡಿತ ಶೇ. 44ರಷ್ಟು ಹೆಚ್ಚು. ಆ ಹಿಡಿತದಲ್ಲಿ ಒಂದು ಪಾಲನ್ನು ಬ್ರೇಕಿಗೆ ಕೊಟ್ಟರೆ ಚಕ್ರ ಜಾರಬಹುದು. ಹಾಗಾಗಿ ಬ್ರೇಕ್ ಹಾಕುವುದೆಲ್ಲ ಸೈಕಲ್ ನೆಟ್ಟಗಿರುವಾಗಲೇ, ತಿರುವಿಗೆ ಮೊದಲೇ ಮುಗಿದಿರಬೇಕು. ಒಳಗೆ ಹೋದ ಮೇಲೆ ಹೊರಬದಿಯ ಪೆಡಲ್ ಕೆಳಗೆ, ಆ ಕಾಲಿನ ಮೇಲೆ ಮೈಭಾರ, ಕೈಗಳು ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ, ಕಣ್ಣು ತಿರುವಿನ ಆಚೆ ಹೋಗಬೇಕಾದ ಜಾಗದಲ್ಲಿ ಇರಲಿ. ಒಳಬದಿಯ ಪೆಡಲ್ ಕೆಳಗಿದ್ದರೆ ಬಾಗಿದಾಗ ಅದು ನೆಲಕ್ಕೆ ತಾಗಿ ಹಿಂಚಕ್ರವನ್ನು ಎತ್ತಿಹಾಕುತ್ತದೆ. ತಿರುವಿಗೆ ಮೊದಲೇ ಒಂದೆರಡು ಗೇರು ಹಗುರ ಮಾಡಿಕೊಂಡರೆ ಹೊರಬರುವಾಗ ಭಾರದ ಗೇರಿನಲ್ಲಿ ತಿಣುಕಬೇಕಾಗುವುದಿಲ್ಲ.

ಒಬ್ಬರೇ ಇದ್ದಾಗ ರಸ್ತೆಯ ಹೊರ ಅಂಚಿನಿಂದ ಒಳಕ್ಕೆ ಬಂದು ಮತ್ತೆ ಹೊರಕ್ಕೆ ಹೋಗುವ ಗೆರೆ ಅತ್ಯಂತ ವೇಗದ್ದು. ಗುಂಪಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ನಿಮ್ಮ ಪಕ್ಕದಲ್ಲಿ ಯಾರೋ ಇದ್ದಾರೆಂದೇ ತಿಳಿದು, ತಿರುವಿನ ಒಳಗೆ ಹೋಗುವಾಗ ಯಾವ ಪಥದಲ್ಲಿದ್ದಿರೋ ಅದೇ ಪಥದಲ್ಲಿ ಹೊರಬನ್ನಿ. ರೇಸಿನಲ್ಲಿ ಬೀಳುವ ಪ್ರಸಂಗಗಳಲ್ಲಿ ಹಲವಕ್ಕೆ ಕಾರಣ ಯಾರೋ ಒಬ್ಬರು ನಡುವೆ ಗೆರೆ ಬದಲಿಸಿದ್ದು, ಅಥವಾ ತಮ್ಮ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಹೊಕ್ಕಿರುವುದನ್ನು ಗಮನಿಸದೆ ಇದ್ದದ್ದು. ಚಕ್ರಗಳು ತಾಗಿದಾಗ ಬೀಳುವವರು ಸಾಮಾನ್ಯವಾಗಿ ಹಿಂದಿನವರೇ.

ಭಾನುವಾರ ಬೆಳಗಿನ ಜಾವ, ಹೊಸ ಬಡಾವಣೆಗಳ ಖಾಲಿ ರಸ್ತೆಯಲ್ಲಿ ಇಬ್ಬರು ಮೂವರು ಗೆಳತಿಯರೊಂದಿಗೆ ಒಂದೇ ತಿರುವನ್ನು ಮತ್ತೆ ಮತ್ತೆ ತೆಗೆದುಕೊಳ್ಳಿ: ಮೊದಲು ಒಬ್ಬೊಬ್ಬರಾಗಿ, ಆಮೇಲೆ ಇಬ್ಬರು ಪಕ್ಕಪಕ್ಕದಲ್ಲಿ, ಒಳಪಥ ಹೊರಪಥ ಅದಲು ಬದಲು ಮಾಡಿಕೊಂಡು. ವಾರದ ಮಧ್ಯೆ ಒಮ್ಮೆ, 15 ಸೆಕೆಂಡ್ ಜೋರಾಗಿ, 30 ಸೆಕೆಂಡ್ ಹಗುರವಾಗಿ ತುಳಿಯುವುದನ್ನು ಹತ್ತು ನಿಮಿಷ ಮಾಡಿ, ವಿಶ್ರಮಿಸಿ, ಇನ್ನೊಮ್ಮೆ ಮಾಡಿ. ನೂರು ಕಿಲೋಮೀಟರಿನ ನಿಧಾನ ಸವಾರಿಯು ಈ ರೇಸಿಗೆ ಅಷ್ಟು ಸಹಾಯ ಮಾಡದು.

ವಿಜಯಪುರದಿಂದ, ಮಕ್ಕಳಿಗೆ ಸೈಕ್ಲಿಂಗ್ ಹೇಳಿಕೊಡುವ ಹಿರಿಯರೊಬ್ಬರು

ಸಹೋದರಿ, ಮೇಲಿನವರು ಹೇಳಿದ್ದು ಸರಿಯಾಗಿದೆ. ಗಾಳಿಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಮುಂದೆ ಬರುತ್ತಿರುವುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ನಮ್ಮಲ್ಲಿ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು (ಪಂದ್ಯ) ನಡೆಸುವ ರೂಢಿಯಿದೆ. ರಸ್ತೆಗಳು ನೇರ, ಸುತ್ತಲೂ ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ. ಹಾಗಾಗಿ ಮಕ್ಕಳು ಮೊದಲು ಕಲಿಯುವುದೇ ಇನ್ನೊಬ್ಬರ ಮರೆಯಲ್ಲಿ ತುಳಿಯುವುದನ್ನು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35–40 ಕಿ.ಮೀ. ವೇಗದಲ್ಲಿ ನಮ್ಮ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಹಿಂದೆ ಒಂದು ಗಾಲಿಯಷ್ಟು ಅಂತರದಲ್ಲಿ ಇದ್ದರೆ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಶ್ರಮ ಉಳಿಯುತ್ತದೆ. ಗಾಳಿ ಬಲಗಡೆಯಿಂದ ಬೀಸುತ್ತಿದ್ದರೆ ಮರೆ ಇರುವುದು ನೇರ ಹಿಂದೆ ಅಲ್ಲ, ಸ್ವಲ್ಪ ಎಡಕ್ಕೆ. ನಗರದಲ್ಲಿ ಎತ್ತರದ ಕಟ್ಟಡಗಳ ನಡುವೆ ಗಾಳಿ ಸುಮ್ಮನಿದ್ದು, ಅಡ್ಡರಸ್ತೆ ಸೇರುವಲ್ಲಿ ಒಮ್ಮೆಲೇ ಬಡಿಯುತ್ತದೆ. ಸುತ್ತನ್ನು ಮುಂಚಿತವಾಗಿ ನೋಡಲು ಹೋದಾಗ ಅಂಥ ಜಾಗಗಳನ್ನು ಗುರುತು ಮಾಡಿಕೊಳ್ಳಿ.

ಗುಂಪಿನ ಹೆದರಿಕೆ ಹೋಗಲಾಡಿಸಲು ನಾನು ಮಕ್ಕಳಿಂದ ಮಾಡಿಸುವ ಅಭ್ಯಾಸವೊಂದಿದೆ. ಹುಲ್ಲಿನ ಮೈದಾನದಲ್ಲಿ ಇಬ್ಬರು ನಿಧಾನವಾಗಿ ಪಕ್ಕಪಕ್ಕದಲ್ಲಿ ತುಳಿಯುತ್ತಾ, ಭುಜಕ್ಕೆ ಭುಜ, ಮೊಣಕೈಗೆ ಮೊಣಕೈ ತಾಗಿಸಬೇಕು. ಬಿದ್ದರೂ ಹುಲ್ಲು. ನಾಲ್ಕಾರು ದಿನಗಳಲ್ಲಿ, ಯಾರಾದರೂ ತಾಗಿದ ಕೂಡಲೇ ಬ್ರೇಕ್ ಹಿಡಿಯುವ ಅಥವಾ ಹ್ಯಾಂಡಲ್ ಎಳೆಯುವ ಚಟ ಬಿಟ್ಟುಹೋಗುತ್ತದೆ. ಅಪಾಯ ಇರುವುದು ಆ ಚಟದಲ್ಲಿ; ತಾಗಿದ್ದರಿಂದ ಮಾತ್ರ ಯಾರೂ ಬೀಳುವುದಿಲ್ಲ. ಈ ಅಭ್ಯಾಸಕ್ಕೆ ಜೊತೆಗಾರರು ಸಿಗದಿದ್ದರೆ ಮೊದಲ ರೇಸಾಗಿ ಟೈಮ್ ಟ್ರಯಲ್ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿ ಒಬ್ಬೊಬ್ಬರನ್ನೇ ಅಂತರ ಬಿಟ್ಟು ಬಿಡುತ್ತಾರೆ, ಇನ್ನೊಬ್ಬರ ಮರೆ ಪಡೆಯುವಂತಿಲ್ಲ. ನಿಮ್ಮ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಅಂಥ ಸ್ಪರ್ಧೆಗಳು ನಡೆದಿವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೆಸರು ಕೊಟ್ಟಾಗಿದೆ, ಹಿಂದೆ ಸರಿಯುವ ಮನಸ್ಸಿಲ್ಲ; ಹುಲ್ಲಿನ ಅಭ್ಯಾಸಕ್ಕೆ ನನ್ನ ತಮ್ಮನನ್ನು ಒಪ್ಪಿಸಿದ್ದೇನೆ. ಇನ್ನೊಂದು ಸಂಶಯ: ನನ್ನ ಟೈರು 28 ಮಿ.ಮೀ., ತೂಕ 62 ಕೆ.ಜಿ.; ಅಂಗಡಿಯಲ್ಲಿ 100 ಪಿಎಸ್‌ಐ ಗಾಳಿ ಹಾಕಿಕೊಟ್ಟಿದ್ದಾರೆ. ರೇಸಿಗೆ ಅದೇ ಇರಲೇ?

ಬೆಂಗಳೂರಿನ ಸವಾರರು

ಅದು ಹೆಚ್ಚಾಯಿತು. ನಿಮ್ಮ ತೂಕಕ್ಕೆ ಆ ಟೈರಿನಲ್ಲಿ 60ರಿಂದ 70 ಪಿಎಸ್‌ಐ ಸಾಕು. ಟ್ಯೂಬ್ ಇರುವ ಟೈರಾದರೆ ಅದಕ್ಕಿಂತ ತೀರಾ ಕೆಳಗೆ ಇಳಿಸಬೇಡಿ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿನ ನಡುವೆ ಚಿಟಿಕೆ ಹಿಡಿದಂತಾಗಿ ಒಡೆಯುತ್ತದೆ. ನಮ್ಮ ರಸ್ತೆಗಳಲ್ಲಿ ಗಾಳಿ ಬಿಗಿಯಾಗಿದ್ದರೆ ಪ್ರತಿ ತೇಪೆಯ ಮೇಲೂ ಚಕ್ರ ಪುಟಿಯುತ್ತದೆ, ಪುಟಿದ ಕ್ಷಣದಲ್ಲಿ ಹಿಡಿತವಿರುವುದಿಲ್ಲ. ಮಳೆ ಬಂದರೆ ಇನ್ನೂ ಐದರಷ್ಟು ಇಳಿಸಿ. ಪಾದಚಾರಿ ದಾಟುವ ಬಿಳಿಪಟ್ಟೆ ಮತ್ತು ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಸೈಕಲನ್ನು ಬಾಗಿಸಬೇಡಿ.

ಮೈಸೂರಿನಿಂದ, ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುವವರೊಬ್ಬರು

ಮುಂದಿನ ಮೂರನೆಯ ಒಂದು ಭಾಗದಲ್ಲಿರಬೇಕು ಎಂಬ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ವಿಭಾಗಗಳಲ್ಲಿ ಸ್ಪರ್ಧಿಗಳ ಸಂಖ್ಯೆ ಕಡಿಮೆ; ಹತ್ತು ಹನ್ನೆರಡು ಮಂದಿ ಇರುವಾಗ ಮುಂದೆ ಹೋದರೆ ಉಳಿದವರೆಲ್ಲ ನಿಮ್ಮ ಮರೆಯಲ್ಲಿ ಕುಳಿತು ನಿಮ್ಮಿಂದಲೇ ದುಡಿಸಿಕೊಳ್ಳುತ್ತಾರೆ. ಮೊದಲ ಎರಡು ಸುತ್ತುಗಳಲ್ಲಿ ಯಾರು ತಿರುವನ್ನು ನಿರಾತಂಕವಾಗಿ ತೆಗೆದುಕೊಳ್ಳುತ್ತಾರೆ, ಯಾರು ಬ್ರೇಕ್ ಹಿಡಿದು ಓಲಾಡುತ್ತಾರೆ ಎಂಬುದನ್ನು ಗಮನಿಸಿ, ಸ್ಥಿರವಾಗಿ ಹೋಗುವವರೊಬ್ಬರ ಹಿಂಚಕ್ರವನ್ನು ಆರಿಸಿಕೊಳ್ಳಿ. ನೋಟ ಆ ಚಕ್ರದ ಮೇಲೆಯೇ ನೆಟ್ಟಿರಬಾರದು, ಅವರ ಭುಜದ ಮೇಲಿಂದ ಮುಂದಕ್ಕೆ ಹೋಗಬೇಕು. ಆರಂಭದ ಸುತ್ತು ಬಹಳ ಜೋರಾಗಿರುತ್ತದೆ, ಎದೆ ಹೊತ್ತಿ ಉರಿದಂತೆ ಆಗುತ್ತದೆ. ಅದು ಎಲ್ಲರಿಗೂ ಆಗುತ್ತಿರುತ್ತದೆ, ನಾಲ್ಕನೆಯ ಸುತ್ತಿನ ಹೊತ್ತಿಗೆ ವೇಗ ಒಂದು ಹದಕ್ಕೆ ಬರುತ್ತದೆ. ಅಲ್ಲಿಯವರೆಗೆ ಬಿಡದೆ ಅಂಟಿಕೊಂಡಿರಿ. ಆರಂಭ ಜೋರಾಗಿರುವುದರಿಂದಲೇ ಮೈ ಬಿಸಿ ಮಾಡಿಕೊಳ್ಳದೆ ಗೆರೆಯ ಬಳಿ ನಿಲ್ಲಬಾರದು. 20 ನಿಮಿಷ ಹಗುರವಾಗಿ ತುಳಿದು, ನಡುವೆ ಮೂರು ನಾಲ್ಕು ಸಲ ಸ್ವಲ್ಪ ಹೊತ್ತು ಜೋರಾಗಿ ತುಳಿದು ಬನ್ನಿ.

ಇನ್ನು ಕೆಲವು ವಿಷಯಗಳನ್ನು ಹೆಣ್ಣುಮಕ್ಕಳಿಗೆ ಯಾರೂ ಮೊದಲೇ ಹೇಳುವುದಿಲ್ಲ. ರಸ್ತೆ ಮುಚ್ಚಿರುವುದರಿಂದ ಸೈಕಲನ್ನು ಕಾರಿನಲ್ಲಿ ತಂದರೆ ದೂರದಲ್ಲಿ ನಿಲ್ಲಿಸಿ ಬರಬೇಕಾಗುತ್ತದೆ, ಶೌಚಾಲಯ ಹತ್ತಿರದಲ್ಲಿ ಇರುವುದೇ ಅಪರೂಪ. ಒಂದೂವರೆ ಗಂಟೆ ಮುಂಚೆ ತಲುಪಿ, ಶೌಚಾಲಯ ಎಲ್ಲಿದೆಯೆಂದು ಮೊದಲು ವಿಚಾರಿಸಿ. ಬೆನ್ನಿನ ನಂಬರನ್ನು ಮನೆಯಲ್ಲೇ, ಜೆರ್ಸಿ ತೊಟ್ಟು ಹ್ಯಾಂಡಲ್ ಹಿಡಿದವರಂತೆ ಬಾಗಿದಾಗ, ಇನ್ನೊಬ್ಬರಿಂದ ಪಿನ್ನು ಹಾಕಿಸಿಕೊಂಡರೆ ಗಾಳಿಗೆ ಪಟಪಟಿಸುವುದಿಲ್ಲ. ರೇಸು ಬೆಳಗ್ಗೆ ಬೇಗ ಇದ್ದರೆ ಎರಡು ಗಂಟೆ ಮೊದಲು ಎರಡು ಇಡ್ಲಿ ಅಥವಾ ಸ್ವಲ್ಪ ಅವಲಕ್ಕಿ, ಹೊರಡುವ ಮುನ್ನ ಬಾಳೆಹಣ್ಣು. ಅರ್ಧ ಗಂಟೆಯ ರೇಸಿನಲ್ಲಿ ತಿನ್ನುವ ಅಗತ್ಯವೇ ಇಲ್ಲ, ಒಂದು ಬಾಟಲಿ ನೀರು ಸಾಕು.

ರೇಸುಗಳಲ್ಲಿ ಮಾರ್ಷಲ್ ಆಗಿ ನಿಲ್ಲುವವರೊಬ್ಬರು

ರಸ್ತೆಬದಿಯಿಂದ ನೋಡುವವನಾಗಿ ಬರೆಯುತ್ತಿದ್ದೇನೆ. ಹೆಲ್ಮೆಟ್ ಇಲ್ಲದವರನ್ನು ಬಿಡುವುದಿಲ್ಲ. ಪಟ್ಟಿ ಗದ್ದಕ್ಕೆ ಬಿಗಿಯಾಗಿರಬೇಕು. ಹ್ಯಾಂಡಲ್‌ನ ತುದಿಗಳಲ್ಲಿ ಬಿರಡೆ ಇದೆಯೇ ಎಂದು ಇಂದೇ ನೋಡಿಕೊಳ್ಳಿ, ಬಿರಡೆಯಿಲ್ಲದ ಕೊಳವೆ ಬಿದ್ದಾಗ ಮೈಯನ್ನು ಕೊರೆಯುತ್ತದೆ. ಮುಂಚೂಣಿಯವರು ಒಂದು ಸುತ್ತು ಹೆಚ್ಚು ಮುಗಿಸಿ ನಿಮ್ಮನ್ನು ಹಿಂದಿನಿಂದ ತಲುಪುವ ಹಂತ ಬಂದರೆ ನಿಮ್ಮನ್ನು ರೇಸಿನಿಂದ ಹೊರಗೆ ಕರೆಯಬಹುದು. ಅದು ಎಲ್ಲರ ಸುರಕ್ಷತೆಗಾಗಿ ಇರುವ ನಿಯಮ. ಹೊಸಬರಲ್ಲಿ ಹಲವರನ್ನು ಹಾಗೆ ಕರೆಯುತ್ತೇವೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸನ್ನೆ ಕಂಡಾಗ ಒಮ್ಮೆಲೇ ನಿಲ್ಲದೆ, ಹಿಂದೆ ನೋಡಿ ನಿಧಾನವಾಗಿ ಬದಿಗೆ ಬನ್ನಿ. ಪಂಕ್ಚರ್ ಆದರೆ ಅಥವಾ ಬಿದ್ದರೆ ಒಂದು ಸುತ್ತಿನ ವಿನಾಯಿತಿ ಪಡೆದು ಮತ್ತೆ ಗುಂಪು ಸೇರಲು ಕೆಲವು ರೇಸುಗಳಲ್ಲಿ ಅವಕಾಶವಿರುತ್ತದೆ. ನಿಮ್ಮ ರೇಸಿನಲ್ಲಿ ಹೇಗೆಂಬುದನ್ನು ಆರಂಭಕ್ಕೆ ಮೊದಲು ನಡೆಯುವ ಸವಾರರ ಸಭೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಕಬ್ಬನ್ ಪಾರ್ಕ್ ಭಾನುವಾರ ಮೋಟಾರು ವಾಹನಗಳಿಗೆ ಮುಚ್ಚಿರುತ್ತದೆಂದು ಕೆಲವರು ಅಲ್ಲಿ ವೇಗದ ಅಭ್ಯಾಸಕ್ಕೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಮಕ್ಕಳೂ ವಯಸ್ಸಾದವರೂ ನಡೆದಾಡುತ್ತಿರುತ್ತಾರೆ.

ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಆ ಸದ್ದಿಗೆ ಎಲ್ಲರೂ ಒಟ್ಟಿಗೆ ಎದ್ದು ತುಳಿಯುವುದರಿಂದ ಅದಾದ ಮೇಲಿನ ಮೊದಲ ತಿರುವಿನಲ್ಲಿ ವಿಶೇಷ ಎಚ್ಚರ ಬೇಕು. ಅಂತಿಮ ಗೆರೆ ದಾಟಿದ ಮೇಲೆ ಕೈ ಎತ್ತದೆ, ಬ್ರೇಕ್ ಹಿಡಿಯದೆ, ಅಕ್ಕಪಕ್ಕ ಸರಿಯದೆ ನೇರವಾಗಿ ಮುಂದಿನ ತಿರುವಿನವರೆಗೆ ಹೋಗಿ, ಅಲ್ಲಿಂದ ಸುತ್ತಿ ಬನ್ನಿ. ಗೆರೆಯ ಆಚೆಗಿನ ಐವತ್ತು ಮೀಟರಿನಲ್ಲಿ, ರೇಸು ಮುಗಿಯಿತೆಂದು ತಿಳಿದವರನ್ನು ನಾವು ಎಷ್ಟೋ ಸಲ ನೆಲದಿಂದ ಎತ್ತಿದ್ದೇವೆ.