100 ಅಂಕ ಗಳಿಸಿಯೂ ಬರ್ನ್ಲಿಗೆ ಪ್ರಶಸ್ತಿ ಏಕೆ ಸಿಗಲಿಲ್ಲ?

ಪ್ರಶ್ನೆ: 2024ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್‌ನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಬರ್ನ್ಲಿ ಕ್ಲಬ್, ಮರುವರ್ಷವೇ ಎರಡನೆಯ ಹಂತದ ಲೀಗ್ ಆದ ಚಾಂಪಿಯನ್‌ಶಿಪ್‌ನ 46 ಪಂದ್ಯಗಳಲ್ಲಿ ಎರಡನ್ನಷ್ಟೇ ಸೋತು 100 ಅಂಕ ಗಳಿಸಿದರೂ ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾದದ್ದು ಹೇಗೆ?

ಉತ್ತರ 1: ಲೀಡ್ಸ್ ಯುನೈಟೆಡ್ ಕೂಡ 100 ಅಂಕವನ್ನೇ ಗಳಿಸಿತ್ತು. ಅದು 95 ಗೋಲು ಹೊಡೆದು 30 ಬಿಟ್ಟುಕೊಟ್ಟರೆ, ಬರ್ನ್ಲಿ 69 ಹೊಡೆದು 16 ಬಿಟ್ಟುಕೊಟ್ಟಿತು. ಅಂಕಗಳು ಸಮವಾದ್ದರಿಂದ ಗೋಲುಗಳ ವ್ಯತ್ಯಾಸವನ್ನು (ಹೊಡೆದವುಗಳಿಂದ ಬಿಟ್ಟುಕೊಟ್ಟವನ್ನು ಕಳೆದದ್ದು) ನೋಡಲಾಯಿತು; ಅದರಲ್ಲಿ 65-53ರಿಂದ ಲೀಡ್ಸ್ ಮುಂದಾಯಿತು. ಪ್ರೀಮಿಯರ್ ಲೀಗ್‌ಗೆ ಬಡ್ತಿಯಂತೂ ಇಬ್ಬರಿಗೂ ನೇರವಾಗಿಯೇ ದಕ್ಕಿತು.

ಉತ್ತರ 2: ನನ್ನ ದೃಷ್ಟಿಯಲ್ಲಿ ಆ 16 ಎಂಬ ಸಂಖ್ಯೆಯೇ ನಿಜವಾದ ಸಾಧನೆ. ಸಂಡರ್‌ಲ್ಯಾಂಡ್ ವಿರುದ್ಧ ಪಂದ್ಯದ ಕೊನೆಯ ಗಳಿಗೆಗಳಲ್ಲಿ ಗೋಲ್‌ಕೀಪರ್ ಜೇಮ್ಸ್ ಟ್ರ್ಯಾಫರ್ಡ್ ಎರಡು ಪೆನಾಲ್ಟಿಗಳನ್ನು ತಡೆದು 0-0 ಉಳಿಸಿದ್ದನ್ನು ಮರೆಯಲಾಗದು. ಆದರೆ ತಂಡದ ಆಗಿನ ಕೋಚ್ ಸ್ಕಾಟ್ ಪಾರ್ಕರ್ ಅವರ ಎಚ್ಚರಿಕೆಯ ಆಟಕ್ಕೆ ಬೆಲೆಯೂ ಇತ್ತು: 16 ಪಂದ್ಯಗಳು ಡ್ರಾ ಆದವು, ಅವುಗಳಲ್ಲಿ ಒಂದನ್ನು ಗೆದ್ದಿದ್ದರೂ ಪ್ರಶಸ್ತಿ ಅವರದಾಗುತ್ತಿತ್ತು.

ಉತ್ತರ 3: ಪ್ರಶಸ್ತಿಗಿಂತ ನೇರ ಬಡ್ತಿಯೇ ಮುಖ್ಯ. ಏಪ್ರಿಲ್ 21ರಂದು ಜಾಶ್ ಬ್ರೌನ್‌ಹಿಲ್ ಅವರ ಎರಡು ಗೋಲುಗಳಿಂದ ಬರ್ನ್ಲಿಯು ಶೆಫೀಲ್ಡ್ ಯುನೈಟೆಡನ್ನು 2-1ರಿಂದ ಮಣಿಸಿ ಮೇಲೇರಿತು. ಮೂರನೆಯ ಸ್ಥಾನಕ್ಕೆ ಉಳಿದ ಶೆಫೀಲ್ಡ್, ಪ್ಲೇ-ಆಫ್ (ಉಳಿದ ಒಂದು ಬಡ್ತಿ ಸ್ಥಾನಕ್ಕಾಗಿ ನಡೆಯುವ ಪಂದ್ಯಗಳು) ಫೈನಲ್‌ನಲ್ಲಿ ಸಂಡರ್‌ಲ್ಯಾಂಡ್‌ಗೆ ಸೋತು ಚಾಂಪಿಯನ್‌ಶಿಪ್‌ನಲ್ಲಿಯೇ ಉಳಿಯಿತು.